ಔರಾದಿನ ಗೆಳತಿಯ ಪರವಾಗಿ

ನಾನು ಓದಿದ ಕಾಲೇಜಿನ ಸಿಸ್ಟರ್ ಫೋನ್ ಮಾಡಿದಾಗ ಬೀದರಿನ ಚಿದ್ರಿಯ ಮನೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದೆ. ಭಾಲ್ಕಿಯಲ್ಲಿ ಆಸ್ಪತ್ರೆಯ ಲ್ಯಾಬಿನ ಸ್ಟೂಲಿನ ಮೇಲೆ ಕೂತೇ ನನ್ನ ನೌಕರಿ ಮುಗಿದಿತ್ತು. ನಿವೃತ್ತಿಯಾದ ಮೇಲೆ ಕೂತರೂ ನೋವು, ನಿಂತರೂ ನೋವು. ಸಿಸ್ಟರ್ ಹೊಸಬರು, ಮಂಗಳೂರು ಕಡೆಯವರು. ಹಳೆಯ ವಿದ್ಯಾರ್ಥಿಗಳೆಲ್ಲ ಬಂದು ತಮ್ಮ ಬದುಕು, ಉದ್ಯೋಗದ ಬಗ್ಗೆ ಕೊನೆಯ ವರ್ಷದ ಮಕ್ಕಳ ಮುಂದೆ ಮಾತಾಡಬೇಕು, ಅದರಿಂದ ಮಕ್ಕಳಿಗೆ ಸ್ಫೂರ್ತಿಯಾಗುತ್ತದೆ ಎಂದರು.

“ನಾ ಏನ್ ಹೇಳ್ಲಿ ಸಿಸ್ಟರ್? ರಕ್ತ ನೋಡೀನಿ, ಕಫ ನೋಡೀನಿ, ರಿಪೋರ್ಟ್ ಬರದೀನಿ. ಅಷ್ಟೇ ಅದರಿ.”

“ಅದನ್ನೇ ಹೇಳಿ ಮೇಡಂ. ಮತ್ತೆ ನಿಮ್ಮ ಗೆಳತಿ ಒಬ್ಬರು ಔರಾದಿನಲ್ಲಿ ಟೀಚರ್ ಆಗಿದ್ದರಂತೆ. ಎಷ್ಟು ಸಲ ಫೋನ್ ಮಾಡಿದರೂ ತೆಗೆಯುವುದಿಲ್ಲ.”

ಅವಳು ಯಾಕೆ ತೆಗೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ತೆಗೆದರೆ ಮಾತಾಡಬೇಕಾಗುತ್ತದೆ, ಅವಳಿಗೆ ಈಗ ಮಾತಾಡಲು ಆಗುವುದಿಲ್ಲ. ಸಿಸ್ಟರಿಗೆ ಅದನ್ನು ಹೇಳಲಿಲ್ಲ. ನಾನೇ ಹೋಗಿ ಕೇಳುತ್ತೇನೆ ಎಂದೆ.

ಈ ಗೆಳತಿಯ ದನಿಯನ್ನು ಒಮ್ಮೆ ಕೇಳಿದವರು ಮರೆಯುತ್ತಿರಲಿಲ್ಲ. ಬೀದರಿನ ಹಳೇ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವವರ ಮನೆಯ ಹುಡುಗಿ. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ. ಫಾದರುಗಳ ಕಾಲೇಜಿನಲ್ಲಿ ಜಾತಿ ಕೇಳುವುದಿಲ್ಲವಂತೆ ಎಂದು ಯಾರೋ ಹೇಳಿದ್ದನ್ನು ನಂಬಿ ನಮ್ಮಪ್ಪ ನನ್ನನ್ನು ಅಲ್ಲಿಗೆ ಸೇರಿಸಿದ್ದ. ನಾವು ಬೌದ್ಧರು. ಮೊದಲ ದಿನ ಬೆಂಚಿನ ತುದಿಯಲ್ಲಿ ನಾನೊಬ್ಬಳೇ ಕೂತಿದ್ದಾಗ ಇವಳು ಬಂದು, “ಸರೀ ಜರಾ” ಎಂದು ನನ್ನನ್ನು ಒಳಗೆ ತಳ್ಳಿ ಪಕ್ಕದಲ್ಲಿ ಕೂತಳು. ಮೂರು ವರ್ಷ ಆ ಜಾಗ ಬಿಡಲಿಲ್ಲ.

ದಿನಾ ಪ್ರಾರ್ಥನೆಯ ನಂತರ ಒಂದು ಒಳ್ಳೆಯ ಮಾತನ್ನು ಓದುವ ಕೆಲಸ ಅವಳದು. ಅವಳು ಓದಿದರೆ ಗೇಟಿನ ಹೊರಗೆ ನಿಂತ ಸೈಕಲ್ ರಿಕ್ಷಾದವನಿಗೂ ಕೇಳಿಸುತ್ತಿತ್ತು. ಪ್ರಿನ್ಸಿಪಾಲ್ ಫಾದರ್ ಕರಾವಳಿಯವರು. “ಸಾಲಿ ಅಲ್ಲಮ್ಮ, ಶಾಲೆ” ಎಂದು ತಿದ್ದುತ್ತಿದ್ದರು. ಅವಳು ಅಲ್ಲಿ ‘ಶಾಲೆ’ ಎಂದು ಓದಿ, ಕೆಳಗಿಳಿದು ಬಂದು, “ಸಾಲಿ ಅಂದ್ರ ಏನ್ ಪಾಠ ಕಮ್ಮಿ ಆಗ್ತದೇನ?” ಎನ್ನುತ್ತಿದ್ದಳು. ಡಿಗ್ರಿ ಮುಗಿದ ಮೇಲೆ ಅವಳಿಗೆ ಔರಾದಿನ ಕಡೆ ಮದುವೆಯಾಯಿತು, ಅಲ್ಲೇ ಶಿಕ್ಷಕಿಯ ನೌಕರಿಯೂ ಸಿಕ್ಕಿತು. ನಾನು ಭಾಲ್ಕಿಗೆ ಹೋದೆ. ವರ್ಷಕ್ಕೆ ಒಂದೆರಡು ಸಲ ಭೇಟಿ, ಅದೂ ಯಾರದೋ ಮದುವೆಯಲ್ಲಿ.

ಮರುದಿನ ಔರಾದ್ ಬಸ್ ಹತ್ತಿದೆ. ತೊಗರಿ ಕಟಾವಾಗಿ ಹೊಲಗಳು ಬರಿದಾಗಿದ್ದವು. ಬಸ್ಸಿನಲ್ಲಿ ಬಿಸಿಲು ಒಂದೇ ಕಡೆ ಬೀಳುತ್ತಿತ್ತು, ನನ್ನ ಸೀಟು ಅದೇ ಕಡೆಗಿತ್ತು. ಜಾಗ ಬದಲಿಸುವಷ್ಟು ಉಮೇದೂ ಇರಲಿಲ್ಲ.

ಅವಳೇ ಬಾಗಿಲು ತೆರೆದಳು. ನನ್ನ ಎರಡೂ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂಡಿಸಿದಳು. ತುಟಿ ಆಡಿತು, ಒಲೆ ಊದಿದಂಥ ಗಾಳಿ ಮಾತ್ರ ಬಂತು. ಅಷ್ಟರಲ್ಲಿ ಅವಳ ಗಂಡ ಚಹಾ ತಂದರು. ಹೊಲಿಗೆ ಯಂತ್ರ ರಿಪೇರಿ ಮಾಡುವ ಸಾಧು ಮನುಷ್ಯ.

“ಹ್ಯಾಂಗ ಬಂದ್ರಿ, ಬಸ್ಸಿಗಾ ಅಂತ ಕೇಳ್ಲಾಕತ್ತಾಳ್ರಿ” ಎಂದರು.

ಅವಳು ಅಲ್ಲವೆಂದು ತಲೆಯಾಡಿಸಿ ನನ್ನ ಕಾಲು ತೋರಿಸಿದಳು.

“ಹಾಂ, ಚಪ್ಪಲ್ ಒಳಗೇ ಬಿಡ್ರಿ ಅಂತಾಳ. ಹೊರಗ ನಾಯಿ ಒಯ್ತಾವ.”

ಅವಳು ಕೇಳಿದ್ದು ನನ್ನ ಮೊಣಕಾಲಿನ ನೋವಿನ ಬಗ್ಗೆ. ನನಗೆ ಗೊತ್ತಾಯಿತು. ಅವಳು ಮತ್ತೆ ತಿದ್ದಲು ಹೋಗಲಿಲ್ಲ, ಗೋಡೆಗೆ ಒರಗಿ ಕೂತಳು. ಗಂಡ ಅಂಗಡಿಗೆ ಹೋದ ಮೇಲೆ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು: ‘ದಿನಾ ಹಿಂಗೇ. ನಾ ನೀರು ಬೇಕಂದ್ರ ಫ್ಯಾನ್ ಹಚ್ತಾರ. ಸಿಟ್ಟು ಮಾಡ್ಲಾಕೂ ದನಿ ಬೇಕು.’

ದನಿ ಹೋದದ್ದು ಒಂದೇ ದಿನದಲ್ಲಲ್ಲ. ಮೇಲೆ ತಗಡು ಹೊದಿಸಿದ ಒಂದೇ ಕೋಣೆಯಲ್ಲಿ ಎರಡು ತರಗತಿ ಕೂಡಿಸಿ ಗಣಿತ ಕಲಿಸಿದವಳು ಅವಳು. ಮಳೆ ಬಂದರೆ ತಗಡಿನ ಸದ್ದಿಗಿಂತ ಮೇಲೆ ಕೂಗಬೇಕು, ಬೇಸಿಗೆಯಲ್ಲಿ ಪಕ್ಕದ ಗಿರಣಿಗಿಂತ ಮೇಲೆ ಕೂಗಬೇಕು. ಮೊದಲು ಗಂಟಲು ಕಟ್ಟಿತು. ಮನೆಮದ್ದು, ಬಿಸಿನೀರು ಆಯಿತು. ರಜೆಯಲ್ಲಿ ಸರಿಹೋಗಿ ಸಾಲಿ ಶುರುವಾದ ಕೂಡಲೇ ಮತ್ತೆ ಕಟ್ಟುತ್ತಿತ್ತು. ಹೈದರಾಬಾದಿನಲ್ಲಿ ತೋರಿಸಿದಾಗ ಗಂಟಲಲ್ಲಿ ಗಂಟುಗಳಾಗಿವೆ, ತೆಗೆಯಬೇಕು ಎಂದರು. ತೆಗೆದರು. ಗಂಟು ಹೋದವು, ಹಳೆಯ ದನಿ ಮರಳಲಿಲ್ಲ. ಪಿಸುಮಾತೂ ಆಡಬೇಡಿ, ಅದರಿಂದ ಇನ್ನೂ ಕೆಡುತ್ತದೆ ಎಂದರಂತೆ. ನೌಕರಿಯ ಕೊನೆಯ ದಿನಗಳನ್ನು ಬಿಸಿಯೂಟದ ಅಕ್ಕಿ ನೋಡಿಕೊಂಡು ಕಳೆದಳು.

ಸಿಸ್ಟರ್ ಕರೆದ ವಿಷಯ ಹೇಳಿದೆ. ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಫೋನನ್ನು ಕೈಗೆತ್ತಿಕೊಂಡು ಬರೆದಳು: ‘ಬರ್ತೇನಿ. ನಂದು ನೀ ಹೇಳು.’

“ನಾನಾ? ನಿಮ್ಮ ಮನಿಯವರ ಹಂಗ ನಾನೂ ತಪ್ಪು ಹೇಳಿದ್ರ?”

ಅವಳಿಗೆ ನಗು ಬಂತು. ನಗುವಾಗ ಮಾತ್ರ ಗಂಟಲಿನಿಂದ ಸಣ್ಣ ಸದ್ದು ಬರುತ್ತಿತ್ತು.

“ಸರಿ. ಏನೇನ್ ಹೇಳ್ಲಿ?”

‘ದನಿ ಹೋದದ್ದು ಹೇಳಬ್ಯಾಡ. ಅಯ್ಯೋ ಪಾಪ ಅಂತಾರ. ಪಾಠ ಮುಟ್ಟಂಗಿಲ್ಲ ಅವರಿಗೆ, ಪಾಪ ಅಷ್ಟೇ ಮುಟ್ತದ.’

“ಮತ್ತ?”

‘ಗಣಿತ ಕಲಿಸ್ದೆ ಅಂತ ಹೇಳು. ತಾಂಡಾದ ಹುಡುಗಿಯರು ಪಾಸಾದ್ರು ಅಂತ ಹೇಳು.’ ಅಷ್ಟು ಬರೆದು ನಿಲ್ಲಿಸಿದಳು. ನಾನು ಚಹಾ ಕುಡಿದು ಮುಗಿಸಿದೆ. ಅವಳು ಮತ್ತೆ ಬರೆದು ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು: ‘ದಣದೀನಿ ಅಂತ ಹೇಳು. ಅದನ್ನ ಯಾರೂ ಹೇಳಂಗಿಲ್ಲ.’

ಕಾರ್ಯಕ್ರಮದ ದಿನ ಬೆಳಿಗ್ಗೆ ಅವಳು ಬೀದರಿಗೆ ಬಂದಳು, ಇಬ್ಬರೂ ಬಸ್ ಸ್ಟ್ಯಾಂಡಿನಿಂದ ಆಟೋ ಮಾಡಿಕೊಂಡು ಕಾಲೇಜಿಗೆ ಹೋದೆವು. ನಾವು ಓದಿದ ಕಟ್ಟಡಕ್ಕೆ ಮತ್ತೊಂದು ಮಹಡಿ ಎದ್ದಿತ್ತು. ಸಭಾಂಗಣದಲ್ಲಿ ನಮ್ಮ ವಯಸ್ಸಿನವರು ಕೆಲವರು, ಹಿಂದೆ ಸಾಲಾಗಿ ಮಕ್ಕಳು. ಹೆಚ್ಚಿನವರ ಕಣ್ಣು ಮೊಬೈಲಿನಲ್ಲಿ. ಅವರದೇನೂ ತಪ್ಪಿಲ್ಲ. ಆ ವಯಸ್ಸಿನಲ್ಲಿ ಯಾರಾದರೂ ಬಂದು ತಮ್ಮ ಪಿಂಚಣಿಯ ಕಥೆ ಹೇಳಿದ್ದರೆ ನಾವೂ ಕೇಳುತ್ತಿರಲಿಲ್ಲ.

ಮೊದಲು ಮೈಕ್ ಹಿಡಿದವನು ನಮ್ಮ ತರಗತಿಯವನೇ, ಭಾತಂಬ್ರಾದವನು, ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತನಾದವನು. ಯಾವ ಊರಿನಿಂದ ಯಾವ ಊರಿಗೆ ವರ್ಗವಾಯಿತು, ಪ್ರತಿ ಊರಿನಲ್ಲಿ ಬಿಸಿಲು ಹೇಗಿತ್ತು, ಮಗಳ ಮದುವೆಗೆ ಯಾರು ಬಂದಿದ್ದರು, ಎಲ್ಲವನ್ನೂ ಹೇಳಿದ. ಕಷ್ಟಪಟ್ಟರೆ ಫಲ ಸಿಗುತ್ತದೆ ಎಂದ. ಆಮೇಲೆ ಮತ್ತೊಂದು ವರ್ಗಾವಣೆ ನೆನಪಾಯಿತು. ಸಿಸ್ಟರ್ ವೇದಿಕೆಯ ಪಕ್ಕ ನಿಂತು ಗಡಿಯಾರ ನೋಡಿಕೊಂಡರೂ ಅವನಿಗೆ ಕಾಣಲಿಲ್ಲ. ಗೆಳತಿ ನನ್ನ ಕೈ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದ್ದಳು. ನಿದ್ದೆ ಬಂದಿತ್ತೋ ಏನೋ.

ನಮ್ಮ ಸರದಿ ಬಂದದ್ದು ಊಟದ ನಂತರ. ಅರ್ಧ ಕುರ್ಚಿಗಳು ಖಾಲಿಯಾಗಿದ್ದವು.

“ಮೇಡಂ, ಸ್ವಲ್ಪ ಚಿಕ್ಕದಾಗಿ, ಆಯ್ತಾ? ಇಬ್ಬರದೂ ಸೇರಿಸಿ” ಎಂದರು ಸಿಸ್ಟರ್. ಅವರ ಮುಖದಲ್ಲೂ ದಣಿವಿತ್ತು. ಬೆಳಿಗ್ಗೆಯಿಂದ ಕುರ್ಚಿ, ಊಟ, ಮೈಕ್ ಎಂದು ಓಡಾಡಿದ್ದರು.

ಇಬ್ಬರೂ ಮೇಲೆ ಹೋದೆವು. ಅವಳು ಕೂತಳು, ನಾನು ಮೈಕಿನ ಮುಂದೆ ನಿಂತೆ. ನನಗೆ ಮೈಕಿನಲ್ಲಿ ಮಾತಾಡಿ ಗೊತ್ತಿಲ್ಲ. ಲ್ಯಾಬಿನ ಕಿಟಕಿಯಲ್ಲಿ “ನಾಳಿ ಬರ್ರಿ”, “ಡಾಕ್ಟರ್‌ಗ ತೋರಸ್ರಿ” ಎಂದದ್ದೇ ನನ್ನ ಭಾಷಣ.

“ಇವರು ನನ್ನ ಗೆಳತಿ” ಎಂದೆ. “ನಾವಿಬ್ಬರೂ ಇಲ್ಲೇ ಓದಿದೆವು. ಔರಾದಿನಲ್ಲಿ ಇವರು ಗಣಿತ ಕಲಿಸಿದರು. ಒಂದೇ ಕೋಣೆಯಲ್ಲಿ ಎರಡು ತರಗತಿ. ತಾಂಡಾದಿಂದ ನಡೆದು ಬರುವ ಹುಡುಗಿಯರು ಇವರ ಹತ್ತಿರ ಕಲಿತು ಪಾಸಾದರು. ಮುಂದೆ ಓದಿದರು.”

ಮುಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಕೇಳಿದ: “ಮೇಡಂ, ಅವರೇ ಯಾಕ ಮಾತಾಡಂಗಿಲ್ರಿ?”

ಅವನು ಕುಚೇಷ್ಟೆಗೆ ಕೇಳಿದ್ದಲ್ಲ. ನಾನು ತಿರುಗಿ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಬೇಡವೆಂದು ಕಣ್ಣಿನಲ್ಲೇ ಹೇಳಿದಳು.

“ಇವತ್ತ ನನಗ ಹೇಳು ಅಂದಾರಪ್ಪ” ಎಂದೆ. “ಮತ್ತೊಂದು ಮಾತು ಹೇಳ್ಲಾಕ ಹೇಳ್ಯಾರ. ದಣದೀನಿ ಅಂತ ಹೇಳು ಅಂದಾರ.”

ಹಿಂದಿನಿಂದ ಯಾರೋ ನಕ್ಕರು. ಆಮೇಲೆ ನಗು ನಿಂತಿತು. ಮಕ್ಕಳು ಮೊಬೈಲಿನಿಂದ ತಲೆ ಎತ್ತಿದ್ದರು. ಇನ್ನೇನಾದರೂ ಹೇಳುತ್ತೇನೇನೋ ಎಂದು ಕಾದರು. ನಾನು ಮೈಕಿನಿಂದ ಹಿಂದೆ ಸರಿದೆ. ಸಿಸ್ಟರ್ ಮೆತ್ತಗೆ ಮೈಕಿನ ಹತ್ತಿರ ಬಂದು, “ಆದರೆ ಸೇವೆಯಲ್ಲಿ ತೃಪ್ತಿ ಇದೆ ಅಲ್ವಾ ಮೇಡಂ?” ಎಂದು ಅವಳನ್ನೇ ಕೇಳಿದರು. ಗೆಳತಿ ಅಂಗೈಯನ್ನು ಅತ್ತ ಇತ್ತ ತಿರುವಿದಳು. ಇದೆ, ಇಲ್ಲ. ಸಿಸ್ಟರ್ ಏನು ಮಾಡಬೇಕೆಂದು ತಿಳಿಯದೆ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನನ್ನ ಬಗ್ಗೆ ಹೇಳಲು ಹೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ.

ಹೊರಗೆ ಬರುವಾಗ ಭಾತಂಬ್ರಾದವನು ಎದುರಾದ. “ಭಾಳ ಹೊತ್ತು ಹಿಡದ್ನೇನು ನಾ?” ಎಂದ.

“ಹಿಡದಿ” ಎಂದೆ.

“ಮನ್ಯಾಗ ಯಾರೂ ಕೇಳಂಗಿಲ್ಲ. ಟೀವಿ ಸಣ್ಣ ಮಾಡ್ರಿ ಅಂದ್ರೂ ಮಾಡಂಗಿಲ್ಲ. ಮೈಕ್ ಸಿಕ್ತು, ಬಿಡ್ಲಾಕ ಆಗಲಿಲ್ಲ ನೋಡು.” ನಾಚಿಕೊಂಡು ತಲೆ ಕೆರೆದುಕೊಂಡ. ಬೆಳಿಗ್ಗೆ ಅವನ ಮೇಲೆ ಬಂದಿದ್ದ ಸಿಟ್ಟು ಅಲ್ಲಿಗೇ ಇಳಿಯಿತು.

ಗೇಟಿನ ಹತ್ತಿರ ಒಬ್ಬ ಹುಡುಗಿ ನಮ್ಮ ಹಿಂದೆ ಬಂದಳು. ಹಲಬರ್ಗಾದವಳು, ಕೊನೆಯ ವರ್ಷ. ಗೆಳತಿಯ ಮುಂದೆ ನಿಂತು, “ಟೀಚರ್, ನಾ ಬಿ.ಎಡ್. ಮಾಡಬೇಕಂದೀನ್ರಿ. ಮಾಡ್ಲ್ಯಾ ಬ್ಯಾಡ್ರಿ?” ಎಂದಳು.

ಗೆಳತಿ ಅವಳನ್ನು ಚೆನ್ನಾಗಿ ನೋಡಿದಳು. ಫೋನು ತೆಗೆದು ಬರೆದು ತೋರಿಸಿದಳು: ‘ಮಾಡು. ಆದರ ಮೊದಲ ದಿನಾನೇ ಒಂದು ಮೈಕ್ ಕೇಳು. ಕೊಡೋ ತನಕ ಬಿಡಬ್ಯಾಡ. ಮಕ್ಕಳನ್ನ ಹತ್ತಿರ ಕೂಡಿಸ್ಕೋ. ಕೂಗಬ್ಯಾಡ.’

ಹುಡುಗಿ ಓದಿದಳು. ಮತ್ತೊಮ್ಮೆ ಓದಿದಳು. ಅವಳ ಮುಖ ನೋಡಿದರೆ ಸಭೆಯಲ್ಲಿ ನಾನು ಹೇಳದೆ ಬಿಟ್ಟದ್ದು ತಿಳಿದಿತ್ತು ಅನಿಸುತ್ತದೆ. ಅಯ್ಯೋ ಎನ್ನಲಿಲ್ಲ. “ಆಯ್ತ್ರಿ ಟೀಚರ್” ಎಂದಷ್ಟೇ ಹೇಳಿದಳು.

ಬಸ್ ಸ್ಟ್ಯಾಂಡಿನಲ್ಲಿ ಔರಾದ್ ಬಸ್ ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತೆವು. ಅವಳು ಫೋನು ತೆಗೆದು ಬರೆದಳು: ‘ನಿಂದು ಉಳೀತಲ್ಲ. ನನಗ ಹೇಳು.’

“ನಂದೇನದ ಹೇಳಲಿಕ್ಕ?”

ಅವಳು ಫೋನನ್ನು ಚೀಲದೊಳಗೆ ಹಾಕಿ ನನ್ನ ಕಡೆ ತಿರುಗಿ ಕೂತಳು.

ನಾನು ಹೇಳಿದೆ. ಭಾಲ್ಕಿಗೆ ಹೋದ ಹೊಸತರಲ್ಲಿ ಬಾಡಿಗೆ ಮನೆ ಹುಡುಕಿದ್ದು, ಹೆಸರು ಕೇಳಿ, ಅಪ್ಪನ ಹೆಸರು ಕೇಳಿ, ಆಮೇಲೆ ಯಾವ ಓಣಿಯವರು ಎಂದು ಕೇಳಿ, ಮನೆ ಖಾಲಿ ಇಲ್ಲ ಎಂದದ್ದು. ಲ್ಯಾಬಿನ ಕಿಟಕಿ ಎಷ್ಟು ಸಣ್ಣದಿತ್ತೆಂದರೆ ಬಂದವರಿಗೆ ನನ್ನ ಕೈ ಮಾತ್ರ ಕಾಣುತ್ತಿತ್ತು, ನನಗೆ ಅವರ ಕೈ ಮಾತ್ರ. ಹಾಗಾಗಿ ಎಷ್ಟೋ ಜನರನ್ನು ನಾನು ಕೈಯಿಂದಲೇ ಗುರುತಿಸುತ್ತಿದ್ದೆ, ಸಂತೆಯಲ್ಲಿ ಸಿಕ್ಕರೆ ಯಾರೆಂದು ತಿಳಿಯುತ್ತಿರಲಿಲ್ಲ. ಕ್ಷಯದ ರಿಪೋರ್ಟ್ ಬರೆದ ದಿನ ಅನ್ನ ಸೇರುತ್ತಿರಲಿಲ್ಲ. ಆಮೇಲಾಮೇಲೆ ಸೇರತೊಡಗಿತು, ಸೇರಿತಲ್ಲ ಎಂದು ಬೇಜಾರಾಯಿತು, ಆಮೇಲೆ ಆ ಬೇಜಾರೂ ಹೋಯಿತು. ಇದನ್ನು ನಾನು ನನ್ನ ಗಂಡನಿಗೂ ಹೇಳಿರಲಿಲ್ಲ. ಅವಳು ನಡುವೆ ಬಾಯಿ ಹಾಕುವಂತಿರಲಿಲ್ಲ, ಅದಕ್ಕೇ ಇಷ್ಟು ಹೇಳಲು ಆಯಿತೋ ಏನೋ. ಆದರೆ ಮುಖವನ್ನು ಒಮ್ಮೆಯೂ ಆಚೆ ತಿರುಗಿಸಲಿಲ್ಲ.

ಬಸ್ ಬಂತು. ನನ್ನದು ಇನ್ನೂ ಮುಗಿದಿರಲಿಲ್ಲ. ಇದು ತಪ್ಪಿದರೆ ಅವಳು ಮನೆ ಮುಟ್ಟುವುದು ಕಷ್ಟ, ಅದು ಇಬ್ಬರಿಗೂ ಗೊತ್ತಿತ್ತು. ಎದ್ದಳು. ನನ್ನ ಭುಜ ಹಿಡಿದು ಎಬ್ಬಿಸಲು ನೋಡಿದಳು.

“ನೀ ಹತ್ತು. ನಾ ಜರಾ ಕೂಡ್ತೇನಿ” ಎಂದೆ.

ಅವಳು ಹತ್ತಿದಳು. ಜನ ತುಂಬಿದ್ದರು, ಒಳಗೆ ಎಲ್ಲಿ ಕೂತಳೋ ಕಾಣಲಿಲ್ಲ. ಬಸ್ ಹೋದ ಮೇಲೆ ನಾನು ಮೊಣಕಾಲು ಚಾಚಿಕೊಂಡು ಕೂತೆ, ಎದುರಿನ ಹೋಟೆಲಿನಿಂದ ಒಂದು ಚಹಾ ತರಿಸಿಕೊಂಡೆ. ಸಕ್ಕರೆ ಹೆಚ್ಚಾಗಿತ್ತು. ಕುಡಿದು ಚಿದ್ರಿಯ ಆಟೋ ಹಿಡಿದೆ.