ಕಮಲಾಕ್ಷಮ್ಮನ ಗುರುವಾರದ ಬಸ್ಸು

ಮೂಡಲಪಾಳ್ಯದ ವಿಶ್ವಾರಾಧ್ಯರ ಅರ್ಜಿ ತಲುಪದ ಇಲಾಖೆ ಅನ್ನೋದು ಈ ರಾಜ್ಯದಲ್ಲಿ ಇನ್ನೂ ಹುಟ್ಟಬೇಕು. ಬೀದಿದೀಪ ಹತ್ತಲ್ಲ ಅಂತ ಒಂದು ಅರ್ಜಿ, ಹಗಲೆಲ್ಲ ಹತ್ತಿಕೊಂಡೇ ಇದೆ ಅಂತ ಇನ್ನೊಂದು. ಹೊಂಗೆ ಮರ ಕಡೀಬೇಡಿ ಅಂತ ಒಂದು, ಅದೇ ಮರದ ಹೂವು ಕಾರಿನ ಮೇಲೆ ಉದುರುತ್ತೆ, ಕೊಂಬೆ ಸವರಿಸಿ ಅಂತ ಮತ್ತೊಂದು. ನೀರಾವರಿ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದವರು. ಈಗ ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಆಳುವ ಚಟ ಅಷ್ಟು ಬೇಗ ಬಿಡುತ್ತಾ?

ಅವರು ಬಾಯಲ್ಲಿ ಹೇಳೋದು, ಬರೆಯೋದು ಮಾತ್ರ ಹೆಂಡತಿ ಕಮಲಾಕ್ಷಮ್ಮ. ಆಯಮ್ಮನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಟೈಪ್ ಮಾಡಿದ್ದಕ್ಕಿಂತ ಕೈಬರಹಕ್ಕೆ ತೂಕ ಜಾಸ್ತಿ ಅನ್ನೋದು ಆರಾಧ್ಯರ ಸಿದ್ಧಾಂತ. ಹಂಗಾಗಿ ಬಡಾವಣೆಯ ಮೋರಿ, ನಾಯಿ, ಕಸ, ಹಂಪು ಎಲ್ಲದರ ಬಗ್ಗೆಯೂ ಕಮಲಾಕ್ಷಮ್ಮ ಇಷ್ಟು ವರ್ಷ "ಮಾನ್ಯರೇ" ಅಂತ ಶುರುಮಾಡಿ "ತಮ್ಮ ವಿಶ್ವಾಸಿ" ಅಂತ ಮುಗಿಸಿದ್ದಾರೆ. ಕೆಳಗೆ ಸಹಿ ಮಾತ್ರ ಗಂಡನದು. ಈ ಕತೆ ಆಯಮ್ಮನದು, ಆರಾಧ್ಯರು ಅಡ್ಡ ಬಂದರೆ ಸ್ವಲ್ಪ ಸಹಿಸಿಕೊಳ್ಳಿ.

ಕಮಲಾಕ್ಷಮ್ಮನಿಗೆ ಒಬ್ಬಳೇ ಅಕ್ಕ, ಚನ್ನವೀರಮ್ಮ. ಹರಿಹರದಲ್ಲಿ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು, ಈಗ ಒಬ್ಬರು ಮೂಡಲಪಾಳ್ಯ, ಇನ್ನೊಬ್ಬರು ಕೆಂಗೇರಿ. ಕೂಗಳತೆ ಅಲ್ಲದಿದ್ರೂ ದೂರ ಅಂತೂ ಅಲ್ಲ. ದೂರ ಮಾಡಿದ್ದು ಒಂದು ಲಗ್ನಪತ್ರಿಕೆ. ಚನ್ನವೀರಮ್ಮನ ಮಗಳ ಮದುವೆ ಪತ್ರಿಕೆಯಲ್ಲಿ "ಸುಖಾಗಮನ ಬಯಸುವವರು" ಅಂತ ಬರುತ್ತಲ್ಲ, ಆ ಪಟ್ಟಿಯಲ್ಲಿ ಆರಾಧ್ಯರ ಹೆಸರು ಬಿಟ್ಟುಹೋಗಿತ್ತು. ಪ್ರೆಸ್ಸಿನವನು ಮಾಡಿದ ಎಡವಟ್ಟು ಅಂತ ಚನ್ನವೀರಮ್ಮ. ಪಕ್ಕದ ಮನೆ ತೊಟ್ಟಿಲ ಕೂಸಿನ ಹೆಸರೂ ಕಂಡ ಪ್ರೆಸ್ಸಿನವನಿಗೆ ನನ್ನ ಹೆಸರು ಮಾತ್ರ ಕಾಣಲಿಲ್ವಾ ಅಂತ ಆರಾಧ್ಯರು. ಆವತ್ತಿನಿಂದ ಅವರು ಆ ಮನೆ ಹೊಸಿಲು ತುಳಿದಿಲ್ಲ. ಹೆಂಡತಿಯೂ ತುಳಿಯಬಾರದು ಅಂತ ಬಾಯಿಬಿಟ್ಟು ಹೇಳಿದವರಲ್ಲ, ಪಾಪ, ಮರ್ಯಾದಸ್ಥರು. ಆದರೆ "ಅಕ್ಕನ ಮನೆಗೆ ಒಂದು ಗಳಿಗೆ ಹೋಗಿ ಬರ್ಲಾ?" ಅಂತ ಕೇಳಿದ್ರೆ "ಹೋಗು, ನಾನ್ಯಾಕೆ ಬೇಡ ಅನ್ಲಿ" ಅನ್ನೋರು. ಅಷ್ಟಕ್ಕೆ ನಿಲ್ಲುತ್ತಿರಲಿಲ್ಲ. ವಾರವಿಡೀ ಸಾರಿಗೆ ಉಪ್ಪು ಕಮ್ಮಿ, ಕಾಫಿ ತಣ್ಣಗೆ, ಫ್ಯಾನು ಯಾಕೆ ಹಾಕಿದೆ, ಯಾಕೆ ಹಾಕಲಿಲ್ಲ. ಕಮಲಾಕ್ಷಮ್ಮ ಕೇಳೋದನ್ನೇ ಬಿಟ್ಟರು.

ಆಮೇಲೆ ಹೆಂಗಸರಿಗೆ ಬಸ್ಸು ಫ್ರೀ ಆಯ್ತು. ಅದರ ಜೊತೆಗೇ ಇವರ ಬೀದಿಯೊಳಗೇ ಒಂದು ಗಿಡ್ಡ ಬಸ್ಸು ಬರೋಕೆ ಶುರುವಾಯ್ತು, ಮನೆ ಮೂಲೆಯಲ್ಲಿ ಹತ್ತಿಸಿಕೊಂಡು ನಾಗರಭಾವಿ, ಉಲ್ಲಾಳು ಅಂತ ಸುತ್ತಿ ಸೀದಾ ಕೆಂಗೇರಿಗೆ. ಯಾರ ಹತ್ರಾನೂ ಕಾಸು ಕೇಳಬೇಕಿಲ್ಲ, ಯಾರೂ ಸ್ಕೂಟರ್ ತೆಗೀಬೇಕಿಲ್ಲ. ಪ್ರತಿ ಗುರುವಾರ ಊಟ ಮಾಡಿ ಆರಾಧ್ಯರು ಮಲಗುತ್ತಲೇ ಕಮಲಾಕ್ಷಮ್ಮ "ವಚನದ ಕ್ಲಾಸಿಗೆ ಹೋಗ್ತೀನಿ ಕಣ್ರೀ" ಅಂತ ಹೊರಟುಬಿಡೋರು. ಅಲ್ಲಿ ಅಕ್ಕತಂಗಿ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಹೊಟ್ಟೆತುಂಬ ಮಾತಾಡೋದು, ನಡುವೆ ಅಮ್ಮನ ಡಾಬು ಯಾರಿಗೆ ಸೇರಬೇಕಿತ್ತು ಅಂತ ಜಗಳ ಆಡೋದು, ಐದರ ಬಸ್ಸಿಗೆ ವಾಪಸ್.

ಒಂದ್ಸಲ ಮನೆಗೆ ನೆಂಟರು ಬಂದಾಗ ಆರಾಧ್ಯರು ಹೆಮ್ಮೆಯಿಂದ, "ನಮ್ಮನೆಯವಳು ವಚನ ಕಲೀತಾ ಇದಾಳೆ. ಒಂದು ಹಾಡೇ" ಅಂದರು. ಕಮಲಾಕ್ಷಮ್ಮ ಸ್ಕೂಲಲ್ಲಿ ಕಲಿತಿದ್ದ ಒಂದೇ ಒಂದು ವಚನ ಹಾಡಿದರು. ಮುಂದಿನ ವರ್ಷವೂ ಅದೇ ಹಾಡಿದರು. "ಇಷ್ಟು ದಿನಕ್ಕೂ ಒಂದೇನಾ?" ಅಂತ ಆರಾಧ್ಯರು ಕೇಳಿದ್ದಕ್ಕೆ, "ಅರ್ಥ ಆಗೋವರೆಗೂ ನಮ್ಮ ಮೇಡಂ ಮುಂದಿನದಕ್ಕೆ ಬಿಡಲ್ಲ" ಅಂದರು. ಎಂಥ ಒಳ್ಳೆ ಮೇಡಂ ಅಂತ ಆರಾಧ್ಯರು ತಲೆದೂಗಿದರು.

ಹೀಗೆ ಸುಖವಾಗಿ ನಡೀತಿದ್ದಾಗ, ಹೋದ ಅವರೆಕಾಯಿ ಕಾಲದಲ್ಲಿ, ಒಂದು ಬೆಳಗ್ಗೆ ಆರಾಧ್ಯರು ವಿಭೂತಿ ಧರಿಸಿ ಕೂತು "ಬರ್ಕೋ" ಅಂದರು. ವಿಷಯ: ನಮ್ಮ ಬೀದಿಯಲ್ಲಿ ಸಂಚರಿಸುತ್ತಿರುವ ಬಸ್ಸನ್ನು ರದ್ದುಪಡಿಸುವ ಬಗ್ಗೆ. ಬಸ್ಸು ಬಂದರೆ ಎರಡೂ ಕಡೆ ಕಾರು ನಿಲ್ಲಿಸೋಕೆ ಜಾಗ ಇಲ್ಲ ಅನ್ನೋದು ಸಂಘದವರ ನಿಜವಾದ ಸಂಕಟ. ಅದನ್ನ ಹಂಗೇ ಬರೆದರೆ ಗೌರವವೇ? ಪರಿಸರ ಮಾಲಿನ್ಯ, ಹೊಗೆ, ಖಾಲಿ ಬಸ್ಸು ಓಡಿಸಿ ಸಾರ್ವಜನಿಕರ ಡೀಸೆಲ್ ದಂಡ ಅಂತ ಆರಾಧ್ಯರು ಹೇಳುತ್ತಾ ಹೋದರು. ಕಮಲಾಕ್ಷಮ್ಮನ ಕೈ ಬರೀತಾ ಇತ್ತು. ತನ್ನ ಗುರುವಾರಕ್ಕೆ ತಾನೇ ಮುತ್ತಿನಂಥ ಅಕ್ಷರದಲ್ಲಿ ಚಟ್ಟ ಕಟ್ಟೋ ಹಾಗಾಯ್ತಲ್ಲ.

ಅಳಬಹುದಿತ್ತು. ಬೇಡ ಅನ್ನಬಹುದಿತ್ತು. ಅಂದರೆ "ನಿನಗ್ಯಾಕೆ?" ಅನ್ನೋ ಪ್ರಶ್ನೆ ಬರುತ್ತೆ. ಕಮಲಾಕ್ಷಮ್ಮ ಪೆನ್ನು ಎತ್ತಿ, "ರೀ, ಬರೀ ಖಾಲಿ ಅಂದ್ರೆ ಯಾರು ನಂಬ್ತಾರೆ? ಒಂದು ವಾರ ಜನಾನ ಎಣಿಸಿ ನೋಡಿ, ಆಮೇಲೆ ತೀರ್ಮಾನ ಮಾಡಿ ಅಂತ ಸೇರಿಸಿದ್ರೆ ಬಾಯಿ ಕಟ್ಟಿದ ಹಾಗೆ ಆಗುತ್ತಲ್ವಾ?" ಅಂದರು.

ಆರಾಧ್ಯರ ಮುಖ ಅರಳಿತು. "ನನ್ನ ಜೊತೆ ಇದ್ದೂ ಇದ್ದೂ ನಿನಗೂ ಆಫೀಸ್ ಬುದ್ಧಿ ಬಂತು ನೋಡು. ಸೇರಿಸು."

ಗಂಡ ಚಾಪೆ ಕೆಳಗೆ ತೂರಿದರೆ ಹೆಂಡತಿ ರಂಗೋಲಿ ಕೆಳಗೆ ತೂರಿದಳು ಅನ್ನೋದು ಇದಕ್ಕೇ.

ಅರ್ಜಿಗೆ ಉತ್ತರ ಬಂತು. ಡಿಪೋದಿಂದ ವೆಂಕಟಗಿರಿ ಅನ್ನೋ ಅಧಿಕಾರಿ ಫೋನ್ ಮಾಡಿ, ಮುಂದಿನ ವಾರ ಎಣಿಕೆ, ಶನಿವಾರ ಅರ್ಜಿದಾರರನ್ನೂ ಕೂರಿಸಿಕೊಂಡು ಸ್ಥಳ ಪರಿಶೀಲನೆ ಅಂದರು. "ಸ್ಥಳ ಪರಿಶೀಲನೆ" ಅನ್ನೋ ಮಾತು ಕೇಳಿಯೇ ಆರಾಧ್ಯರಿಗೆ ಮತ್ತೆ ಕೆಲಸಕ್ಕೆ ಸೇರಿದಷ್ಟು ಖುಷಿಯಾಯ್ತು.

ಇತ್ತ ಕಮಲಾಕ್ಷಮ್ಮ ಎದುರುಮನೆ ಅನಂತಲಕ್ಷ್ಮಿಯ ಅಡುಗೆಮನೆಗೆ ನುಗ್ಗಿದರು. ಅನಂತಲಕ್ಷ್ಮಿ ರಿಟೈರ್ಡ್ ಹೈಸ್ಕೂಲ್ ಟೀಚರು, ಗುರುವಾರದ ಗುಟ್ಟು ಗೊತ್ತಿದ್ದ ಒಬ್ಬರೇ ಒಬ್ಬರು.

"ಬಸ್ ತುಂಬಬೇಕು ಕಣ್ರೀ" ಅಂದರು ಕಮಲಾಕ್ಷಮ್ಮ.

"ತುಂಬಿಸೋಣ. ಮನೇಲಿ ಕೂತು ಅವರೆಕಾಯಿ ಸುಲೀತೀವಲ್ಲ, ಅದನ್ನ ಬಸ್ಸಲ್ಲಿ ಕೂತು ಸುಲಿದ್ರಾಯ್ತು" ಅಂದರು ಅನಂತಲಕ್ಷ್ಮಿ.

ನೋಡಿ, ಇಷ್ಟೇ. ಬೀದಿಯ ಹೆಂಗಸರಿಗೆ ಇನ್ನೇನು ಬೇಕು? ಸೋಮವಾರದಿಂದ ಮಧ್ಯಾಹ್ನದ ಬಸ್ಸಿಗೆ ಬ್ಯಾಗು, ಮೊರ, ಸೊನೆ ಘಮ್ಮೆನ್ನುವ ಅವರೆಕಾಯಿ ಸಮೇತ ಹತ್ತಿದರು. ಹೋಗ್ತಾ ಸುಲಿಯೋದು, ಬರ್ತಾ ಹಾಡು. ಯಾರ ಸೊಸೆ ಏನಂದಳು, ಯಾವ ಅಂಗಡಿಯಲ್ಲಿ ಸೀರೆ ಸೋವಿ, ಎಲ್ಲ ಉಲ್ಲಾಳು ದಾಟೋದರೊಳಗೆ ತೀರ್ಮಾನ. ಕಂಡಕ್ಟರ್ ಗಿರಿರಾಜ ಫ್ರೀ ಟಿಕೆಟ್ ಹರಿದೂ ಹರಿದೂ ಸುಸ್ತಾದ. "ಆಂಟಿ, ಸಿಪ್ಪೆ ಕೆಳಗೆ ಹಾಕ್ಬೇಡಿ, ಗುಡಿಸೋನು ನಾನು" ಅಂತ ಗೋಗರೆದ. ಮಾರನೇ ದಿನ ಒಂದು ಡಬ್ಬಿ ಅವರೆಕಾಳಿನ ಉಪ್ಪಿಟ್ಟು ತಿಂದು ಸುಮ್ಮನಾದ. ಗಂಡನಿಗೆ ಕಮಲಾಕ್ಷಮ್ಮ ಹೇಳಿದ್ದು, "ಕ್ಲಾಸಿನ ವಾರ್ಷಿಕೋತ್ಸವ, ದಿನಾ ಪ್ರಾಕ್ಟೀಸು". ಒಂದೇ ವಚನಕ್ಕೆ ಎಷ್ಟು ಪ್ರಾಕ್ಟೀಸ್ ಅಂತ ಆ ಪುಣ್ಯಾತ್ಮ ಕೇಳಲಿಲ್ಲ.

ಶನಿವಾರ ಮಾತ್ರ ನೀನು ಬಸ್ ಹತ್ತಬೇಡ ಅಂತ ಕಮಲಾಕ್ಷಮ್ಮ ಅಕ್ಕನಿಗೆ ಫೋನಲ್ಲಿ ಹೇಳಿದ್ದರು. "ಯಾಕೆ, ಬಸ್ಸು ನಿನ್ನ ಗಂಡನ ಮನೆಯದಾ?" ಅಂದಿದ್ದರು ಚನ್ನವೀರಮ್ಮ. ಆ ಮಾತನ್ನ ಕಮಲಾಕ್ಷಮ್ಮ ಲೆಕ್ಕಕ್ಕೆ ತಗೊಳ್ಳಲಿಲ್ಲ, ಅದೇ ತಪ್ಪಾಯ್ತು. ಶನಿವಾರ ಮಧ್ಯಾಹ್ನ ಗಿಡ್ಡ ಬಸ್ಸು ಕೆಂಗೇರಿಯಿಂದ ಬಂದು ಮೂಲೆಯಲ್ಲಿ ನಿಂತಾಗ ಕಿಟಕಿ ಪಕ್ಕದಲ್ಲಿ ಅಕ್ಕ ಕೂತಿದ್ದರು, ರೇಷ್ಮೆ ಸೀರೆ ಬೇರೆ. ಇನ್ನು ಇಳಿ ಅನ್ನೋ ಹಾಗೂ ಇಲ್ಲ. ಕಮಲಾಕ್ಷಮ್ಮ ಪಕ್ಕದಲ್ಲಿ ಕೂತು, ಸೆರಗು ಮುಂದಕ್ಕೆಳೆದುಕೊಂಡು ಮೊರದೊಳಗೆ ಮುಖ ಹುದುಗಿಸಿದರು.

ಇಸ್ತ್ರಿ ಶರಟು, ಕಂಕುಳಲ್ಲಿ ಫೈಲು, ಆರಾಧ್ಯರು ವೆಂಕಟಗಿರಿಯವರ ಹಿಂದೆ ಬಸ್ ಹತ್ತಿದರು. ಹತ್ತಿ ನೋಡ್ತಾರೆ, ಕಾಲಿಡೋಕೆ ಜಾಗ ಇಲ್ಲ. ಇಡೀ ಬೀದಿ ಅಲ್ಲಿದೆ. ಹೆಂಡತಿ ಇದಾಳೆ. ಹೆಂಡತಿ ಪಕ್ಕದಲ್ಲಿ, ಶಿವ ಶಿವಾ, ಚನ್ನವೀರಮ್ಮ.

"ಟಿಕೆಟ್ ಸಾರ್" ಅಂದ ಗಿರಿರಾಜ. ಬಸ್ಸಿನಲ್ಲಿ ದುಡ್ಡು ಕೊಟ್ಟವರು ಆರಾಧ್ಯರು ಒಬ್ಬರೇ.

ವೆಂಕಟಗಿರಿ ಹಳೇ ಹುಲಿ. ಒಂದು ಮೊರದಿಂದ ಇನ್ನೊಂದು ಮೊರಕ್ಕೆ ಕಣ್ಣಾಡಿಸಿ, "ಇದೇನಮ್ಮಾ, ಬಸ್ಸಾ, ಅವರೆಬೇಳೆ ಮೇಳಾನಾ?" ಅಂದರು. "ಎಲ್ಲಿಗೆ ಹೋಗ್ತಾ ಇದೀರಿ ಎಲ್ಲಾರೂ?"

"ಕೆಂಗೇರಿಗೆ."

"ಏನ್ ಕೆಲಸ?"

ಅನಂತಲಕ್ಷ್ಮಿ ಟೀಚರ್ ಗಂಟಲು ಸರಿಮಾಡಿಕೊಂಡು "ವಾಯುವಿಹಾರ" ಅಂದರು. ಹಿಂದಿನ ಸೀಟಿನಿಂದ ಕಿಸಕ್ಕಂತ ನಗು ಬಂತು.

"ಸುಮ್ನೆ ಸುತ್ತೋರಿಗೆ ಬಸ್ ಬಿಡೋಕಾಗಲ್ಲಮ್ಮ" ಅಂದರು ವೆಂಕಟಗಿರಿ, ಸಿಟ್ಟಿಲ್ಲದೆ. "ಈ ಬಸ್ ನಿಂತ್ರೆ ನನ್ನ ಕೆಲಸ ನಿಜವಾಗ್ಲೂ ನಿಂತುಹೋಗುತ್ತೆ ಅನ್ನೋರು ಇದ್ರೆ ಹೇಳಿ. ಒಬ್ಬರೇ ಆದ್ರೂ ಸರಿ, ಬರ್ಕೊಂಡು ಹೋಗಿ ಉಳಿಸಿಕೊಡಿ ಅಂತ ಮೇಲಿನವರನ್ನ ಕೇಳ್ತೀನಿ. ಇಲ್ಲಾಂದ್ರೆ ಸಾರ್ ಹೇಳಿದ್ದೇ ಸರಿ."

ಮೊರದಲ್ಲಿ ಕೈಗಳು ನಿಂತವು. ಅನಂತಲಕ್ಷ್ಮಿ ಮೊಣಕೈಯಿಂದ ತಿವಿದರು. ಕಮಲಾಕ್ಷಮ್ಮ ಎದ್ದು, "ನಾನು ಪ್ರತಿ ಗುರುವಾರ ವಚನದ ಕ್ಲಾಸಿಗೆ..." ಅನ್ನೋವಷ್ಟರಲ್ಲಿ ಆರಾಧ್ಯರು ಕಂಬಿ ಹಿಡಿದುಕೊಂಡೇ, "ಅದಕ್ಕೆ ಬಸ್ ಯಾಕೆ ಸಾರ್? ನಮ್ಮನೆಯವರನ್ನ ಕ್ಲಾಸಿಗೆ ನಾನೇ ಸ್ಕೂಟರಲ್ಲಿ ಬಿಡ್ತೀನಿ" ಅಂದರು. ದೊಡ್ಡ ಮನಸ್ಸಿನಿಂದಲೇ ಅಂದರು. ವೆಂಕಟಗಿರಿ ಪೆನ್ನಿನ ಕ್ಯಾಪು ಹಾಕಿದರು.

ಸುಳ್ಳು ಹೇಳಿದರೆ ಬಸ್ ಹೋಗುತ್ತೆ, ನಿಜ ಹೇಳಿದರೆ ಮನೆ ನೆಮ್ಮದಿ. ಪಕ್ಕದಲ್ಲಿ ಅಕ್ಕನ ಕೈ ಮೊರದ ಅಂಚಿನ ಮೇಲಿತ್ತು. ಗುರುವಾರ ಮೆಣಸಿನಕಾಯಿ ಕರಿಯೋ ಕೈ.

"ಕ್ಲಾಸ್ ಇಲ್ಲ ಸಾರ್" ಅಂದರು ಕಮಲಾಕ್ಷಮ್ಮ. "ಯಾವತ್ತೂ ಇರ್ಲಿಲ್ಲ. ನಾನು ಇವ್ಳ ಮನೆಗೆ ಹೋಗೋದು, ನಮ್ಮಕ್ಕ. ನಮ್ಮ ಯಜಮಾನರಿಗೂ ಇವ್ಳಿಗೂ ಮಾತಿಲ್ಲ. ಹೋಗ್ಲಾ ಅಂತ ಕೇಳಿದ್ರೆ ಇವ್ರು ಬೇಡ ಅನ್ನಲ್ಲ, ಊಟ ಸರಿಯಾಗಿ ಮಾಡಲ್ಲ, ಅಷ್ಟೆ. ಈ ಬಸ್ಸು ಏನೂ ಕೇಳಲ್ಲ. ಮನೆ ಮೂಲೇಲಿ ಹತ್ತಿಸ್ಕೊಳ್ಳುತ್ತೆ, ಅಕ್ಕನ ಬಾಗಿಲಲ್ಲಿ ಇಳಿಸುತ್ತೆ. ಇದು ನಿಂತ್ರೆ ನಾನು ನಮ್ಮಕ್ಕನ್ನ ನೋಡೋದು ನಿಂತ್ಹೋಗುತ್ತೆ. ಇದನ್ನ ಕೆಲಸ ಅಂತ ಬರ್ಕೊಳ್ಳೋಕಾದ್ರೆ ಬರ್ಕೊಳ್ಳಿ."

ಬಸ್ಸು ಯಾವುದೋ ಹಂಪು ಹತ್ತಿ ಇಳಿಯಿತು. ಚನ್ನವೀರಮ್ಮ ತಂಗಿಯ ಸೆರಗು ಹಿಡಿದು ಕೂರಿಸಿದರು. ವೆಂಕಟಗಿರಿ ಕ್ಯಾಪು ತೆಗೆದು ಬರೆದುಕೊಂಡರು.

ಆರಾಧ್ಯರಿಗೆ ಕೂರೋಕೆ ಸೀಟಿಲ್ಲ, ಇಳಿಯೋಕೆ ಸ್ಟಾಪಿಲ್ಲ. ಹೆಂಡತಿ ಕಡೆ ಬಗ್ಗಿ, ಮೆಲ್ಲಗೆ, "ಹೇಳಿದ್ರೆ ನಾನೇ ಬಿಡ್ತಿದ್ನಲ್ಲೇ ಕಮಲಾ" ಅಂದರು.

"ಬಿಡ್ತಿದ್ರಿ" ಅಂದರು ಕಮಲಾಕ್ಷಮ್ಮ, ಅವರೆಕಾಯಿ ಸುಲೀತಾ. "ಅರ್ಧ ಗಂಟೆಗೆ ವಾಪಸ್ ಬಂದು ಗೇಟ್ ಹತ್ರ ಹಾರ್ನೂ ಹೊಡೀತಿದ್ರಿ."

ಕೆಂಗೇರಿಯಲ್ಲಿ ಹೆಂಗಸರೆಲ್ಲ ದಬದಬ ಇಳಿದರು. ಅವತ್ತು ಎಲ್ಲರಿಗೂ ಚನ್ನವೀರಮ್ಮನ ಮನೆಯಲ್ಲಿ ಹಿತಕಿದ ಬೇಳೆ ಸಾರಿನ ಊಟ. ಚನ್ನವೀರಮ್ಮ ಮೆಟ್ಟಿಲ ಬಳಿ ನಿಂತು, "ವಿಶ್ವಾರಾಧ್ಯರೇ, ನೀವೂ ಬನ್ನಿ" ಅಂದರು. ಆರಾಧ್ಯರು ಕೇಳಿಸದವರ ಹಾಗೆ ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದರು. ಕಮಲಾಕ್ಷಮ್ಮ ಕರೆಯಲಿಲ್ಲ, ತಿರುಗಿ ನೋಡಿದರು ಅಷ್ಟೆ. ವೆಂಕಟಗಿರಿ ಮುಂದೆ ಡ್ರೈವರ್ ಹತ್ರ ಇದ್ದರು, ಬರೀ ಸೀಟುಗಳ ನಡುವೆ ಗಂಡ ಒಬ್ಬರೇ ಕೂತಿದ್ದರು. ಅಯ್ಯೋ ಅನ್ನಿಸಿತು. ಆದರೂ ಅಕ್ಕನ ಕೈ ಹಿಡಿದು ನಡೆದರು.

ಆ ರಾತ್ರಿ ಆರಾಧ್ಯರು ಒಂದು ಮಾತೂ ಆಡಲಿಲ್ಲ. ಭಾನುವಾರವೂ ಇಲ್ಲ, ಬುಧವಾರವೂ ಇಲ್ಲ. ಉಪ್ಪು ಕಮ್ಮಿ ಅಂತಲೂ ಅನ್ನಲಿಲ್ಲ, ಅದೇ ಕಮಲಾಕ್ಷಮ್ಮನಿಗೆ ಭಯ. ಗುರುವಾರ ಚಪ್ಪಲಿ ಮೆಟ್ಟಿ, ಇದೇ ಮೊದಲ ಸಲ, "ಅಕ್ಕನ ಮನೆಗೆ ಹೋಗ್ತೀನಿ" ಅಂತ ಗಟ್ಟಿಯಾಗಿ ಹೇಳಿ ಬಾಗಿಲು ದಾಟಿದರು. ಮೂಲೆಯಲ್ಲಿ ನಿಂತು ಕಾದರು, ಬರುತ್ತೋ ಇಲ್ಲವೋ ಅಂತ. ಬಸ್ಸು ಬಂತು.

ಗಿರಿರಾಜ ಟಿಕೆಟ್ ಹರಿದು ಕೈಗಿಡುತ್ತಾ, "ಆಂಟಿ, ಅವತ್ತು ನೀವು ಇಳಿದ ಮೇಲೆ ಏನಾಯ್ತು ಗೊತ್ತಾ?" ಅಂದ. "ಗಾಡೀಲಿ ಪ್ಯಾಸೆಂಜರ್ ಅಂದ್ರೆ ಅಂಕಲ್ ಒಬ್ಬರೇ. ವೆಂಕಟಗಿರಿ ಸಾರ್ ಅವರ ಹತ್ರ ಹೋಗಿ, ವಾಪಸ್ ಟ್ರಿಪ್ಪಲ್ಲಿ ನಿಮ್ಮನ್ನೂ ಲೆಕ್ಕಕ್ಕೆ ತಗೊಳ್ಳಲಾ ಸಾರ್, ಬೇಡ್ವಾ ಅಂತ ಕೇಳಿದ್ರು. ಅಂಕಲ್ ನಾಗರಭಾವಿ ಬರೋವರೆಗೂ ಯೋಚನೆ ಮಾಡಿದ್ರು. ಆಮೇಲೆ, ತಗೊಳ್ಳಿ, ಹೆಂಡತೀನ ಅವಳ ಅಕ್ಕನ ಮನೆಗೆ ಬಿಟ್ಟು ಬರೋಕೆ ಬಂದಿದ್ದೆ ಅಂತ ಬರ್ಕೊಳ್ಳಿ ಅಂದ್ರು."

ಕಮಲಾಕ್ಷಮ್ಮ ಕಿಟಕಿ ಕಡೆ ತಿರುಗಿ ಕೂತರು. ಸೆರಗಿನಿಂದ ಕಣ್ಣೊರೆಸಿಕೊಂಡರು, ಮೂಗು ಒರೆಸಿಕೊಂಡರು, ಆಮೇಲೆ ನಗು ಬಂತು.

"ಬಿಟ್ಟಿದ್ದೇನೋ ಬಿಟ್ಟರಪ್ಪ" ಅಂದರು. "ಕರ್ಕೊಂಡು ಹೋಗೋಕೆ ಬರ್ಲಿಲ್ಲ ನೋಡು, ಅದು ದೊಡ್ಡದು."