ಗಾದಿ ಕಾಕಾರ ಟವೆಲ್

ಕಳೆದ ಭಾನುವಾರ ಸ್ವೆಟರ್ ಹುಡುಕುತ್ತ ಕಪಾಟು ಕೆದರಿದಾಗ, ಬಟ್ಟೆಗಳ ತಳದಿಂದ ಕೆಂಪು ಚೌಕಡಿಯ ಒಂದು ಟವೆಲ್ ಜಾರಿ ಕಾಲ ಮೇಲೆ ಬಿತ್ತು. ಒಗೆದು ಇಸ್ತ್ರಿ ಮಾಡಿಟ್ಟವಳು ನಾನೇ. ಆದರೂ ಮೂಗಿಗೆ ಹಿಡಿದರೆ ಹತ್ತಿಯ ಆ ಒಣ, ಧೂಳು ಧೂಳಾದ ವಾಸನೆ ಇನ್ನೂ ಇತ್ತು. ಅಂಚಿನ ಹೊಲಿಗೆಯಲ್ಲಿ ಅರಳೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ಅದನ್ನು ಕೀಳಲು ಹೋದವಳು ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಸ್ವೆಟರ್ ಸಿಗಲೇ ಇಲ್ಲ.

ಆ ಟವೆಲ್ ಗಾದಿ ಕಾಕಾರದು. ಅವರು ನವಲಗುಂದದಿಂದ ದಿನಾ ಹುಬ್ಬಳ್ಳಿಗೆ ಬಂದು ಯಾವುದೋ ಅಂಗಡಿಯಲ್ಲಿ ಅರಳೆ ತುಂಬಿ ಗಾದಿ ಹೊಲಿಯುತ್ತಿದ್ದರು. ನಾನು ಹುಬ್ಬಳ್ಳಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿಗೆ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಇಬ್ಬರೂ ಏಳೂವರೆ ಬಸ್ಸಿನವರು. ನಮ್ಮೂರು ದಾರಿಯ ನಡುವಿನ ಸಣ್ಣ ಸ್ಟಾಪು, ಅಲ್ಲಿಗೆ ಬರುವಷ್ಟರಲ್ಲಿ ಬಸ್ಸಿನೊಳಗೆ ಕಾಲಿಡಲೂ ಜಾಗ ಇರುತ್ತಿರಲಿಲ್ಲ. ತಿಂಗಳೊಪ್ಪತ್ತು ನಾನು ಕಂಬ ಹಿಡಿದು ಜೋತಾಡಿದ್ದನ್ನು ನೋಡಿ ಕಾಕಾ ಒಂದು ದಿನ ಹೇಳಿದರು. “ಯವ್ವಾ, ನಾಳಿಂದ ನೀ ನಿಂದ್ರಬ್ಯಾಡ.”

ಮರುದಿನದಿಂದ ಡ್ರೈವರ್ ಹಿಂದಿನ ಎರಡನೇ ಸಾಲಿನ ಕಿಟಕಿ ಸೀಟಿನ ಮೇಲೆ, ನಾನು ಹತ್ತುವವರೆಗೂ, ಅವರ ಟವೆಲ್ ಬಿದ್ದಿರುತ್ತಿತ್ತು. ಯಾರಾದರೂ ಅದನ್ನು ಎತ್ತಲು ಹೋದರೆ ಕಾಕಾ ಸುಮ್ಮನಿರುತ್ತಿರಲಿಲ್ಲ. “ಕಾಣ್ಸೂದಿಲ್ಲೇನು? ಟವೆಲ್ ಐತಿ ಅಂದ್ರ ಮನಷ್ಯಾರು ಬರೋರದಾರ ಅಂತ!” ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ ಬಂದ ಮೇಲೆ ಗದ್ದಲ ಎರಡು ಪಟ್ಟಾಯಿತು, ಜಗಳ ನಾಲ್ಕು ಪಟ್ಟಾಯಿತು. ಟವೆಲ್ ಮಾತ್ರ ಅಲುಗಲಿಲ್ಲ.

ಅವರು ನನ್ನ ಪಕ್ಕದಲ್ಲಿ ಎಂದೂ ಕೂರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ನನ್ನ ಬೆನ್ನಿಗೆ ಮಾತಾಡುತ್ತಿದ್ದರು. ಬಸ್ಸಿನ ಸೀಟನ್ನು ಹೆಬ್ಬೆರಳಿನಿಂದ ಒತ್ತಿ, “ಇದರಾಗ ಏನೂ ಇಲ್ಲ, ಬರೀ ಹೊಟ್ಟು ತುಂಬ್ಯಾರ” ಎಂದು ತೀರ್ಪು ಕೊಡುತ್ತಿದ್ದರು. ಹಿಂದಿನ ಗಾಲಿಯ ಮೇಲಿನ ಸೀಟು ಏಕೆ ಬೇಡ, ಮದುವೆಯ ಗಾದಿಗೂ ಮುದುಕರ ಗಾದಿಗೂ ಹೊಲಿಗೆ ಹೇಗೆ ಬೇರೆ, ಇಂಥವೇ ಮಾತು. ಅಪ್ಪ, ಅವ್ವ ಇಬ್ಬರೂ ತೀರಿಹೋಗಿ, ಅಣ್ಣನ ಮನೆಯಲ್ಲಿ ಊಟಕ್ಕೊಂದು ಮಾತು, ಮಲಗುವಾಗ ಒಂದು ಮಾತು ಎಂಬಂತಿದ್ದವಳು ನಾನು. ನನ್ನ ದಿನದ ಮಾತೆಲ್ಲ ಆ ಒಂದು ತಾಸಿನಲ್ಲೇ ಆಗುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಅವರ ದನಿ ಬರುತ್ತದೆ. ಮುಖ ಮಾತ್ರ... ಬಿಳಿ ಗಡ್ಡ, ಹುಬ್ಬಿಗೆ ಅಂಟಿದ ಅರಳೆ... ಅಷ್ಟೇ.

ಹೀಗೆ ಏಳು ವರ್ಷ ಕಳೆದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಯಾರೋ ಒಬ್ಬ ಹುಡುಗಿ ಬೆನ್ನಿಗೆ ಚೀಲ ಹಾಕಿಕೊಂಡು ದೇಶ ಸುತ್ತುವುದನ್ನು ಮೊಬೈಲಿನಲ್ಲಿ ನೋಡಿ ನಾನೂ ಹೊರಟೆ. ಲಾವೋಸ್, ವಿಯೆಟ್ನಾಂ, ಎರಡು ತಿಂಗಳು, ಒಬ್ಬಳೇ. ಅಲ್ಲಿ ಇಳಿದ ಮೇಲೆ ಓಡಾಟವೆಲ್ಲ ಬಸ್ಸಿನಲ್ಲೇ. ಅತ್ತಿಗೆ ಮೂಗು ಮುರಿದಳು. ಕಾಕಾ ಕೇಳಿದ್ದು ಒಂದೇ. “ಅಲ್ಲಿ ನಿನಗ ಸೀಟ್ ಹಿಡಿಯೋರು ಯಾರು?” ಹೊರಡುವ ಹಿಂದಿನ ದಿನ, ಬಸ್ಸಿನಿಂದ ಇಳಿಯುವಾಗ, ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಯಲ್ಲಿಟ್ಟರು.

“ತಿರುಗಿ ಬಂದು ನನ್ನ ಕೈಯಾಗ ಕೊಡಬೇಕು. ಅಲ್ಲೀ ಗಾಡಿ ಹೆಂಗದಾವ, ಎಲ್ಲಾ ಹೇಳಬೇಕು ಮತ್ತ.”

“ಆತ್ರಿ ಕಾಕಾ,” ಎಂದೆ.

ಅಲ್ಲಿಯ ಗಾಡಿಗಳೋ, ಹೇಳುವಂಥವೇ. ಹನ್ನೊಂದಕ್ಕೆ ಬಿಡುತ್ತದೆ ಎಂದ ಬಸ್ಸು ತುಂಬಿ ತುಳುಕಿದ ಮೇಲೆಯೇ ಬಿಡುವುದು. ಕಾಲಿಡುವಲ್ಲಿ ಅಕ್ಕಿ ಚೀಲ, ಹಾಗಾಗಿ ಮೊಳಕಾಲು ಗದ್ದಕ್ಕೆ ತಾಗುತ್ತಿತ್ತು. ಸೀಟುಗಳ ನಡುವಿನ ದಾರಿಯಲ್ಲಿ ಪ್ಲಾಸ್ಟಿಕ್ ಸ್ಟೂಲುಗಳನ್ನಿಟ್ಟು ಅದರ ಮೇಲೂ ಜನ. ಘಟ್ಟದ ತಿರುವು ಶುರುವಾದ ಕೂಡಲೇ ಎಲ್ಲರ ಕೈಗೂ ಒಂದೊಂದು ವಾಂತಿ ಚೀಲ. ಹತ್ತು ತಾಸು, ಹದಿನಾಲ್ಕು ತಾಸು... ಅದನ್ನೆಲ್ಲ ತಡೆದುಕೊಂಡೆ. ಹನ್ನೊಂದು ದಿನ ಯಾರೊಂದಿಗೂ ಒಂದು ಮಾತು ಕನ್ನಡ ಆಡದೆ ಇದ್ದದ್ದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಕಿಟಕಿಗೆ ಹಣೆ ಹಚ್ಚಿ, ಹೊಲಗಳಲ್ಲಿ ಕಂಡ ಕಂಡ ಬೆಳೆಗಳ ಹೆಸರನ್ನು ಕನ್ನಡದಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹನ್ನೆರಡನೇ ದಿನ ಲಾವೋಸಿನ ಒಂದು ಬಸ್‌ಸ್ಟ್ಯಾಂಡಿನಲ್ಲಿ, ಬಸ್ಸಿನತ್ತ ಜನ ನುಗ್ಗಿದ್ದು ಕಂಡದ್ದೇ ತಡ, ರೂಢಿಬಲದಿಂದ ನಾನೂ ಓಡಿ ಕಿಟಕಿಯೊಳಗೆ ಟವೆಲ್ ಎಸೆದೆ. ಟಿಕೆಟಿನ ಮೇಲೆಯೇ ಸೀಟಿನ ನಂಬರ್ ಇತ್ತು, ನಾನು ನೋಡಿರಲಿಲ್ಲ. ಟವೆಲ್ ಹೋಗಿ ಆಗಲೇ ಕೂತಿದ್ದ ಒಬ್ಬ ಅಜ್ಜಿಯ ತಲೆಯ ಮೇಲೆ ಬಿತ್ತು. ಒಳಗೆ ಹೋಗಿ ನೋಡಿದರೆ ನನ್ನ ಸೀಟು ಅವಳ ಪಕ್ಕದ್ದೇ! ಟವೆಲನ್ನು ನೀಟಾಗಿ ಮಡಿಸಿ ಕೊಟ್ಟಳು. ನಾನು ಸೀಟು ತೋರಿಸಿ, ಟವೆಲ್ ತೋರಿಸಿ, ನನ್ನ ಎದೆ ಮುಟ್ಟಿಕೊಂಡು ಕೈಸನ್ನೆಯಲ್ಲೇ ನಮ್ಮ ಕಡೆಯ ಪದ್ಧತಿ ವಿವರಿಸಿದೆ. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಾನೂ ನಕ್ಕೆ.

ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದರು. ನನ್ನ ಹೊಟ್ಟೆ ಕೈಕೊಟ್ಟಿತ್ತು. ಟವೆಲನ್ನು ಸೀಟಿನ ಮೇಲೆ ಬಿಟ್ಟು ಅಂಗಡಿಯ ಹಿಂದಿನ ಪಾಯಖಾನೆಗೆ ಓಡಿದೆ. ಹೊರಗೆ ಬರುವಷ್ಟರಲ್ಲಿ ಬಸ್ಸು ರಸ್ತೆಗಿಳಿದು ಹೊರಟುಬಿಟ್ಟಿತ್ತು. ಪಾಸ್‌ಪೋರ್ಟು, ಬಟ್ಟೆ, ಫೋನು ಎಲ್ಲ ಅದರೊಳಗೆ. “ಏ, ನಿಂದ್ರಸ್ರೀ! ನಿಂದ್ರಸ್ರೀ!” ಎಂದು ಶುದ್ಧ ನವಲಗುಂದದ ಭಾಷೆಯಲ್ಲಿ ಕೂಗುತ್ತ ಓಡಿದೆ. ತಿರುವಿನ ಹತ್ತಿರ ಬಸ್ಸು ನಿಂತಿತು. ಹತ್ತಿ ನೋಡಿದರೆ ಅಜ್ಜಿ ಕಾಕಾರ ಟವೆಲನ್ನು ಡ್ರೈವರನ ಮುಖದ ಮುಂದೆ ಅಲ್ಲಾಡಿಸುತ್ತ ಬೈಯುತ್ತಿದ್ದಳು. ಅವಳ ಒಂದು ಮಾತೂ ನನಗೆ ತಿಳಿಯಲಿಲ್ಲ, ಏನು ಹೇಳುತ್ತಿದ್ದಾಳೆಂದು ಮಾತ್ರ ಚೆನ್ನಾಗಿ ಗೊತ್ತಾಯಿತು. ಸೀಟಿಗೆ ಕುಸಿದು ಅತ್ತೆ. ಇದನ್ನು ಕಾಕಾರಿಗೆ ಹೇಳಬೇಕು, ಮೊದಲು ಅವರಿಗೇ ಹೇಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಊರಿಗೆ ಬಂದ ಮೇಲೆ ಹೇಳಿದೆನೇ? ಇಲ್ಲ. ಲ್ಯಾಬಿನಲ್ಲಿ ನನ್ನ ಪಾಳಿ ಬದಲಾಯಿತು, ಹುಬ್ಬಳ್ಳಿಯಲ್ಲೇ ಒಂದು ಖೋಲಿ ಹಿಡಿದೆ, ಏಳೂವರೆ ಬಸ್ಸು ತಪ್ಪಿತು. ಕಾಕಾರ ಮನೆ ಎಲ್ಲಿ, ಅಂಗಡಿ ಯಾವ ಓಣಿಯಲ್ಲಿ ಎಂದು ಏಳು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಬರೆಯಲೂ ನಾಚಿಕೆಯಾಗುತ್ತದೆ. ಸಿಗಬೇಕೆಂದರೆ ಬಸ್ಸಿನಲ್ಲೇ ಸಿಗಬೇಕಿತ್ತು. ಟವೆಲ್ ಒಗೆದಿಟ್ಟು, ಬರುವ ವಾರ ಹೋದರಾಯಿತು, ಅದರ ಮುಂದಿನ ವಾರ ಹೋದರಾಯಿತು ಎಂದು ಎಂಟು ತಿಂಗಳು ತಳ್ಳಿದೆ.

ಒಂದು ದಿನ ಆ ಬಸ್ಸಿನ ಕಂಡಕ್ಟರ್ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ನಮ್ಮ ಲ್ಯಾಬಿಗೇ ಬಂದರು. ತೋಳಿಗೆ ಪಟ್ಟಿ ಕಟ್ಟುತ್ತ, ಗಾದಿ ಕಾಕಾ ಆರಾಮ ಇದ್ದಾರೆಯೇ ಎಂದು ಕೇಳಿದೆ.

“ಅವರು ತೀರಿಕೊಂಡು ತಿಂಗಳಾತಲ್ರೀ ಅಕ್ಕಾರ. ನಿಮಗ ಗೊತ್ತಿಲ್ಲೇನ್ರಿ?” ಎಂದರು. ನಾನು ಕಟ್ಟಿದ ಪಟ್ಟಿಯನ್ನೇ ಬಿಚ್ಚಿ ಮತ್ತೆ ಕಟ್ಟಿದೆ. “ಹೊಸಾ ಟವೆಲ್ ತಂದಿದ್ರು. ಕಡೀತನಾ ನಿಮ್ಮ ಸೀಟಿಗೆ ಹಾಕತಿದ್ರು ನೋಡ್ರಿ. ಎರಡ ತಿಂಗಳಂತ ಹೇಳಿ ಹೋಗ್ಯಾಳ, ಇವತ್ತ ಬಂದಾಳು ಅಂತಿದ್ರು. ನಿಮ್ಮೂರ ಸ್ಟಾಪ್ ದಾಟಿದ ಮ್ಯಾಲ ತಗದು, ನಿಂತೋರ್ನ ಕುಂದ್ರಸ್ತಿದ್ರು. ನಾವೆಲ್ಲಾ ನಗ್ತಿದ್ವಿ.”

ಅವತ್ತು ಕಂಡಕ್ಟರಿಗೆ ಎರಡು ಸಲ ಸೂಜಿ ಚುಚ್ಚಬೇಕಾಯಿತು. ಮನೆಗೆ ಬಂದು ಟವೆಲನ್ನು ಕಣ್ಣಿಗೆ ಬೀಳದಂತೆ ಕಪಾಟಿನ ತಳಕ್ಕೆ ತುರುಕಿದೆ.

ಭಾನುವಾರ ಅದು ಮತ್ತೆ ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರಲು ಆಗಲಿಲ್ಲ. ಸೋಮವಾರ ರಜೆ ಹಾಕಿ, ಬೆಳಗಿನ ಮೊದಲ ಬಸ್ಸಿಗೆ ನವಲಗುಂದಕ್ಕೆ ಹೋಗಿ, ಅಲ್ಲಿಂದ ಏಳೂವರೆ ಬಸ್ ಹತ್ತಿದೆ. ನನ್ನ ಹಳೇ ಸೀಟಿನಲ್ಲಿ ಕೂತು, ಕಾಕಾ ಕೂರುತ್ತಿದ್ದ ಹಿಂದಿನ ಸೀಟಿನ ಮೇಲೆ ಟವೆಲ್ ಹಾಸಿದೆ. ಬಸ್ಸು ತುಂಬಿತು. ಊಟದ ಚೀಲ ಹಿಡಿದ ಒಬ್ಬ ಹೆಣ್ಣುಮಗಳು, “ಯಾರರ ಬರೋರದಾರೇನ್ರಿ?” ಎಂದು ಕೇಳಿದಳು. “ಹೂಂರಿ,” ಎಂದೆ. ಕಂಡಕ್ಟರ್ ಟವೆಲ್ ಕಡೆ ನೋಡಿ, ನನ್ನ ಕಡೆ ನೋಡಿ, ಮುಂದೆ ಹೋದರು.

ನಮ್ಮೂರ ಸ್ಟಾಪು ಬಂತು, ದಾಟಿತು. ನಾನು ಎದ್ದು ಟವೆಲ್ ತೆಗೆದು, ಸೀಟನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದೆ. “ಕುಂದರ್ರಿ,” ಎಂದೆ. ಆಕೆ ಕೂತವಳೇ ಕಿಟಕಿಗೊರಗಿ ನಿದ್ದೆ ಹೋದಳು. ಹುಬ್ಬಳ್ಳಿ ಬರುವವರೆಗೂ ನನ್ನ ಬೆನ್ನ ಹಿಂದೆ ಯಾರೂ ಮಾತಾಡಲಿಲ್ಲ.