ಅತ್ತೆಯ ಪಾಚಿ ಹಾಳೆಗಳು

ಅಪ್ಪನ ತಂಗಿ, ನನ್ನ ಸೋದರತ್ತೆ, ವಿಶಾಖಪಟ್ಟಣದಲ್ಲಿ ಕಡಲ ಪಾಚಿಯ ವಿಜ್ಞಾನಿಯಾಗಿದ್ದಳು. ಹೆಂಗಸರು ಲ್ಯಾಬಿನಲ್ಲಿ ಕೂತರೆ ಸಾಕು ಎನ್ನುತ್ತಿದ್ದ ಕಾಲದಲ್ಲಿ ಸೀರೆ ಎತ್ತಿ ಕಟ್ಟಿ ಬಂಡೆಗಳ ನಡುವೆ ನೀರಿಗಿಳಿದವಳು. ಅವಳ ವಿಭಾಗದಲ್ಲಿ ಹಾಗೆ ಇಳಿದ ಹೆಂಗಸರಲ್ಲಿ ಅವಳೇ ಮೊದಲು. ಬ್ಯಾಂಕಿನವರು ನನ್ನನ್ನು ಅಲ್ಲಿಗೆ ವರ್ಗ ಮಾಡಿದಾಗ ಅವಳು ನಿವೃತ್ತಳಾಗಿ ಎಂವಿಪಿ ಕಾಲೋನಿಯಲ್ಲಿದ್ದಳು. ಅವಳ ಮನೆಯಲ್ಲೇ ಉಳಿದೆ. ಊರಿಂದ ಅಂಚೆಯಲ್ಲಿ ಬರುವ ಕನ್ನಡ ಪೇಪರನ್ನು ನಾನು ಓದಿ ಮುಗಿಸುವುದೇ ತಡ, ಅತ್ತೆ ಅದರಲ್ಲಿ ಪಾಚಿ ಒಣಗಿಸುತ್ತಿದ್ದಳು. ದಪ್ಪ ಹಾಳೆಗೆ ಅಂಟಿಸಿದ ಹಳೆಯವನ್ನೂ ಅದರಲ್ಲೇ ಸುತ್ತಿಡುತ್ತಿದ್ದಳು. ಮನೆಯೆಲ್ಲ ಮೀನುವಾಸನೆ ಎಂದು ನಾನು ದಿನಾ ಗೊಣಗುತ್ತಿದ್ದೆ.

ಮೂರು ವರ್ಷಕ್ಕೆ ವಿಜಯವಾಡಕ್ಕೆ ವರ್ಗವಾಯಿತು. ಅತ್ತೆಯೂ ನನ್ನ ಜೊತೆ ಹೊರಟಳು. ಸಾಮಾನು ಕಟ್ಟಿ ಕಟ್ಟಿ ತಲೆಕೆಟ್ಟಿದ್ದ ನಾನು, ಮಂಚದ ಕೆಳಗಿದ್ದ ಪೇಪರಿನ ಕಟ್ಟನ್ನು ಬಿಚ್ಚಿಯೂ ನೋಡದೆ ಹಳೇ ಪೇಪರಿನವನಿಗೆ ಹಾಕಿಬಿಟ್ಟೆ. ಅತ್ತೆಯ ಜೀವಮಾನದ ಪಾಚಿಯೆಲ್ಲ ಅದರೊಳಗಿತ್ತು.

ಅವಳು ಬೈಯಲಿಲ್ಲ. ಮಂಚದ ಕೆಳಗೆ ಮತ್ತೆ ಮತ್ತೆ ಕೈಯಾಡಿಸಿ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂಗಡಿಗೆ ಓಡಿದೆ. ಆತ ಪಾಪ, ಮೇಡಂಗಾರು ಎನ್ನುತ್ತಾ ಸ್ಟೂಲು ಕೊಟ್ಟು, ಕಟ್ಟುಗಳನ್ನೆಲ್ಲ ಇಳಿಸಿಕೊಟ್ಟ. ಎಲ್ಲ ಸಿಕ್ಕಿತು, ಒಂದೇ ಒಂದು ಹಾಳೆ ಬಿಟ್ಟು.

ಅದು ಯಾವುದೆಂದು ಅತ್ತೆ ಆಗ ಹೇಳಿದಳು. ಶುರುವಿನ ವರ್ಷಗಳಲ್ಲಿ ಅವಳು ಕಿತ್ತು ತಂದ ಪಾಚಿಯ ಹಾಳೆಗಳಿಗೆಲ್ಲ, ಸಂಗ್ರಹಿಸಿದವರು ಎಂಬಲ್ಲಿ, ವಿಭಾಗದ ಹಿರಿಯರ ಹೆಸರೇ ಬೀಳುತ್ತಿತ್ತಂತೆ. ಜಗಳವಾಡಿ ತನ್ನ ಹೆಸರು ಬರೆಸಿಕೊಂಡ ಮೊದಲ ಹಾಳೆ ಅದು. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಸಮುದ್ರ ಇಳಿದಿದ್ದ ಹೊತ್ತಿಗೆ ನಾನೇ ಅವಳನ್ನು ಹೊರಡಿಸಿದೆ. ಅದೇ ಪಾಚಿ ಎಲ್ಲಿದೆ ತೋರಿಸು ಅಂದೆ. ಅವಳ ಮಂಡಿಗೆ ಬಂಡೆ ಹತ್ತಿ ಇಳಿಯುವ ಶಕ್ತಿ ಇರಲಿಲ್ಲ. ದಡದಲ್ಲೇ ನಿಂತು ಕೈ ತೋರಿಸಿದಳು. ಮೂರು ವರ್ಷ ಪಾದವನ್ನೂ ನೆನೆಸದ ನಾನು ಮಂಡಿಯವರೆಗೆ ಇಳಿದು, ಜಾರಿ, ತೊಯ್ದು ತೊಪ್ಪೆಯಾಗಿ, ಒಂದು ಕೆಂಪು ಗೊಂಚಲು ಹಿಡಿದೆ. ಬುಡಸಮೇತ ಬರಲಿ ಎಂದು ಅಲ್ಲಿಂದಲೇ ಗದರಿದಳು.

ಆ ಪಾಚಿ ಒಣಗಿ ಮುಗಿದದ್ದು ವಿಜಯವಾಡದ ಮನೆಯಲ್ಲಿ. ಅತ್ತೆ ಹಾಳೆಗೆ ಚೀಟಿ ಬರೆದು ಅಂಟಿಸಿದಳು. ನೋಡಿದರೆ, ಸಂಗ್ರಹಿಸಿದವರು ಎಂಬಲ್ಲಿ ನನ್ನ ಹೆಸರೊಂದೇ ಇದೆ. ಕಳೆದದ್ದು ನಿನ್ನ ಹೆಸರು, ನಿನ್ನದೇ ಬರೆ ಎಂದು ಗೋಗರೆದೆ.

"ನೀರಿಗಿಳಿದವಳು ನೀನು," ಅಂದಳು. "ಯಾರು ಕಿತ್ತರೋ ಅವರ ಹೆಸರು. ಅದಕ್ಕೇ ಅಲ್ವೇನೇ ನಾನು ಅವತ್ತು ಜಗಳ ಆಡಿದ್ದು?"